ಅಪ್‌ಡೇಟ್: ಈಜುಕೊಳದ ತುರಿಕೆ ಹತೋಟಿಗೆ ಬಂತು

ಈಜಿ ಬಂದ ಮೇಲೆ ಮಗಳ ಕತ್ತು, ಮೊಣಕೈ ಕೆಂಪಾಗಿ ತುರಿಸುತ್ತೆ ಅಂತ ಕೇಳಿದ್ದೆನಲ್ಲ, ಈಗ ಬಹುತೇಕ ವಾಸಿ. ಚರ್ಮದ ಡಾಕ್ಟರ್ ಪ್ರಕಾರ ಇದು ಅಲರ್ಜಿಯೇ ಅಲ್ಲ, ಕ್ಲೋರಿನ್‌ಗೆ ಚರ್ಮ ಒಣಗಿ ಕೆರಳಿದ್ದು.

ನೀರಿಗಿಳಿಯುವ ಮುಂಚೆಯೇ ಸ್ನಾನ ಮಾಡಿಸಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಮೇಲೆ ಬಂದ ತಕ್ಷಣ ಮತ್ತೆ ಸ್ನಾನ, ಮೈ ಹಸಿ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ. ಒದ್ದೆ ಈಜುಡುಪಿನಲ್ಲಿ ಕೂರಿಸುವುದಿಲ್ಲ. ಕಡಲೆಹಿಟ್ಟು ಉಜ್ಜಿದ್ದು ಮಾತ್ರ ಉರಿ ಜಾಸ್ತಿ ಮಾಡಿತು, ಪಾಪ.

ಅಚ್ಚರಿ ಏನು ಗೊತ್ತಾ? ಕೊಳದ ಆ ಘಾಟು ಬರೀ ಕ್ಲೋರಿನ್‌ದಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್‌ನದು. ಛೀ, ಅಲ್ವಾ? ಕಣ್ಣು ಉರಿಸುವುದೂ ಅದೇ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.2ರಿಂದ 7.8ರೊಳಗೆ ಇರಬೇಕಂತೆ. ಈಗ ಘಾಟು ಹೊಡೆದ ದಿನ ಸುಮ್ನೆ ವಾಪಸ್ ಬರುತ್ತೇವೆ.