ಬುಟ್ಟಿಯಲ್ಲಿ ತೂಗಾಡಿದ ಸಾಕ್ರಟೀಸನೂ ನಮ್ಮ ಮನೆಯ ಗುಂಪೂ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅರೆಬರೆ ವಾಕ್ಯ ಬರೆದರೆ ದೊಡ್ಡಪ್ಪ ಉತ್ತರ ಕೊಡುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಪೂರ್ಣವಿರಾಮವಿಲ್ಲದ ಮೆಸೇಜಿಗೆ ಕೆಂಪು ಪ್ರಶ್ನಾರ್ಥಕ ಚಿಹ್ನೆ ಒತ್ತುತ್ತಾರೆ. ಆದ್ದರಿಂದ ನಮ್ಮಲ್ಲಿ ಜಗಳವೂ ವ್ಯಾಕರಣಬದ್ಧವಾಗಿಯೇ ನಡೆಯುತ್ತದೆ. ಕಳೆದ ಭಾನುವಾರದ ಜಗಳವನ್ನು, ನಡುನಡುವಿನ ಶುಭೋದಯದ ಹೂಗಳನ್ನು ತೆಗೆದು, ಇದ್ದದ್ದು ಇದ್ದಂತೆ ಇಳಿಸಿದ್ದೇನೆ.

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆದದ್ದು): ಗ್ರೀಸಿನ ಮಹಾಜ್ಞಾನಿ ಸಾಕ್ರಟೀಸನನ್ನು ಕೊಂದದ್ದು ವಿಷವಲ್ಲ, ಒಂದು ನಗೆನಾಟಕ! ಅವನ ವೈರಿಗಳ ಮಾತು ಕೇಳಿ ಅರಿಸ್ಟೋಫನೀಸ್ ಎಂಬ ಹಾಸ್ಯಗಾರ ಅವನನ್ನು ರಂಗದ ಮೇಲೆ ಗೇಲಿ ಮಾಡಿದ. ಊರಿಗೆ ಊರೇ ನಕ್ಕಿತು. ಸಾಕ್ರಟೀಸ್ ಮಾತ್ರ ಪ್ರೇಕ್ಷಕರ ನಡುವೆ ಎದ್ದು, ನಾಟಕ ಮುಗಿಯುವ ತನಕ ಮೌನವಾಗಿ ನಿಂತೇ ಇದ್ದ. ಹತ್ತು ಜನರಿಗೆ ಕಳುಹಿಸಿ.

ದೊಡ್ಡಪ್ಪ: ಮೈಕು ಹಿಡಿದು ಹಿರಿಯರನ್ನು ಆಡಿಕೊಳ್ಳುವ ಈಗಿನ ಹುಡುಗರಿಗೆ ಯಾರಾದರೂ ಇದನ್ನು ತಲುಪಿಸಬೇಕು.

ಅಕ್ಕ: ಅಪ್ಪ, ಇದರ ಮೂಲ ಯಾವುದು?

ದೊಡ್ಡಪ್ಪ: ನದೀಮೂಲ, ಋಷಿಮೂಲ ಹುಡುಕಬಾರದು ಎಂದು ನಿನಗೆ ಐದನೇ ಕ್ಲಾಸಿನಲ್ಲೇ ಹೇಳಿದ್ದೆ.

ಅಕ್ಕ: ಸಾಕ್ರಟೀಸ್ ಋಷಿಯಾಗಿರಬಹುದು, ಫಾರ್ವರ್ಡ್ ಋಷಿಯಲ್ಲ. ಎದ್ದು ನಿಂತ ಕಥೆಯನ್ನೂ, ವೈರಿಗಳು ಹೇಳಿ ಬರೆಸಿದರು ಎಂಬ ಕಥೆಯನ್ನೂ ಬರೆದವನು ಏಲಿಯನ್ ಎಂಬ ರೋಮಿನ ಲೇಖಕ, ಅದೂ ನಾಟಕ ನಡೆದು ಆರು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ. ‘ಮೋಡಗಳು’ ಎಂಬ ಆ ನಾಟಕ ಅಥೆನ್ಸಿನಲ್ಲಿ ಡಯೊನೈಸಸ್ ದೇವರ ಹಬ್ಬದ ಸ್ಪರ್ಧೆಯಲ್ಲಿ ರಂಗಕ್ಕೆ ಬಂದದ್ದು ಕ್ರಿ.ಪೂ. 423ರಲ್ಲಿ, ಸಾಕ್ರಟೀಸನ ವಿಚಾರಣೆ ನಡೆದದ್ದು 399ರಲ್ಲಿ. ದೂರು ಕೊಟ್ಟ ಮೆಲೆಟಸ್ ವಿಚಾರಣೆಯ ಹೊತ್ತಿಗೂ ಹೆಸರಿಲ್ಲದ ಎಳೆಯ ಎಂದು ಸಾಕ್ರಟೀಸನ ಶಿಷ್ಯ ಪ್ಲೇಟೊ ಬರೆಯುತ್ತಾನೆ. ಇಪ್ಪತ್ತನಾಲ್ಕು ವರ್ಷ ಮೊದಲೇ ಅವನು ಪಿತೂರಿ ಹೂಡಿದ್ದರೆ ತೊಟ್ಟಿಲಲ್ಲೇ ಹೂಡಿರಬೇಕು.

ದೊಡ್ಡಪ್ಪ: ಇಷ್ಟು ಓದಿಸಿದ್ದು ನನ್ನ ತಪ್ಪು.

ಅಕ್ಕ: ಆ ಮಾತು ನಾಟಕದಲ್ಲೇ ಇದೆ! ಸ್ಟ್ರೆಪ್ಸಿಯಾಡಿಸ್ ಎಂಬ ಹಳ್ಳಿಗ, ಪೇಟೆಯ ಹೆಂಡತಿ, ಕುದುರೆಯ ಹುಚ್ಚಿಗೆ ಮನೆಯನ್ನು ಸಾಲದಲ್ಲಿ ಮುಳುಗಿಸಿದ ಮಗ. ಸಾಲ ಕೊಟ್ಟವರನ್ನು ಮಾತಿನಲ್ಲೇ ಮಣಿಸುವ ವಿದ್ಯೆ ಸಾಕ್ರಟೀಸನ ‘ಚಿಂತನಶಾಲೆ’ಯಲ್ಲಿ ಸಿಗುತ್ತದೆಂದು ಅಪ್ಪ ಮೊದಲು ತಾನೇ ಹೋಗುತ್ತಾನೆ. ತಲೆಗೆ ಹತ್ತದೆ ಮಗನನ್ನು ಕಳುಹಿಸುತ್ತಾನೆ. ವಿದ್ಯೆ ಕಲಿತ ಮಗ ಮನೆಗೆ ಬಂದು ಅಪ್ಪನಿಗೇ ಹೊಡೆಯುತ್ತಾನೆ. ಹೊಡೆದದ್ದು ನ್ಯಾಯವೆಂದು ವಾದಿಸಿ ಗೆಲ್ಲುತ್ತಾನೆ. ಅಮ್ಮನಿಗೂ ಹೊಡೆಯಬಹುದೆಂದು ಸಾಧಿಸಲು ಹೊರಡುತ್ತಾನೆ.

ತಮ್ಮ: ಕುದುರೆ, ಸಾಲ ಎಂದ ಕೂಡಲೇ ಎಲ್ಲರಿಗೂ ನನ್ನ ಬೈಕು ನೆನಪಾಗುವುದು ಬೇಡ. ಕಂತು ಸರಿಯಾಗಿ ಕಟ್ಟುತ್ತಿದ್ದೇನೆ.

ದೊಡ್ಡಪ್ಪ: ಆಮೇಲೆ ಆ ತಂದೆ ಏನು ಮಾಡಿದ?

ಅಕ್ಕ: ಏಣಿ ಹಾಕಿ ಮಾಡು ಹತ್ತಿ ಸಾಕ್ರಟೀಸನ ಶಾಲೆಗೆ ಬೆಂಕಿ ಇಟ್ಟ. ನಾಟಕ ಮುಗಿಯುವುದೇ ಅಲ್ಲಿ.

ದೊಡ್ಡಪ್ಪ: ಸರಿಯಾಗಿಯೇ ಮಾಡಿದ.

(ಬೆಳಿಗ್ಗೆ ಸಾಕ್ರಟೀಸನ ಪರವಾಗಿ ಹತ್ತು ಜನರಿಗೆ ಕಳುಹಿಸಲು ಹೇಳಿದವರು ಹತ್ತೂವರೆಗೆ ಅವನ ಶಾಲೆ ಸುಟ್ಟವನ ಪಕ್ಷಕ್ಕೆ ಬಂದಿದ್ದರು. ಇದನ್ನು ಗುಂಪಿನಲ್ಲಿ ಯಾರೂ ಎತ್ತಿ ತೋರಿಸಲಿಲ್ಲ. ನಾನೂ ಧೈರ್ಯ ಮಾಡಲಿಲ್ಲ.)

ತಮ್ಮ: ಚಿಗಟದ ಪ್ರಸಂಗ ಇದೇ ನಾಟಕದ್ದಲ್ಲವೇ? ಶಿಷ್ಯನೊಬ್ಬನ ಹುಬ್ಬನ್ನು ಕಚ್ಚಿದ ಚಿಗಟ ಸಾಕ್ರಟೀಸನ ತಲೆಗೆ ಹಾರುತ್ತದೆ. ಅದು ತನ್ನ ಪಾದದ ಅಳತೆಯಲ್ಲಿ ಎಷ್ಟು ಅಡಿ ಹಾರಿತೆಂದು ತಿಳಿಯಲು ಮೇಣ ಕರಗಿಸಿ, ಚಿಗಟದ ಕಾಲುಗಳನ್ನು ಅದರಲ್ಲಿ ಅದ್ದಿ, ಮೇಣ ಆರಿದ ಮೇಲೆ ಕಾಲಿಗಂಟಿದ ಪುಟ್ಟ ಪಾದರಕ್ಷೆಗಳನ್ನು ಬಿಚ್ಚಿ, ಅವುಗಳಿಂದ ದೂರ ಅಳೆಯುತ್ತಾರೆ. ರಾತ್ರಿ ಬಾಯಿ ತೆರೆದು ಚಂದ್ರನ ಚಲನೆಯನ್ನು ನೋಡುತ್ತಿದ್ದ ಗುರುವಿನ ಮೇಲೆ ಮಾಡಿನಿಂದ ಹಲ್ಲಿ ಹೇತದ್ದೂ ಉಂಟು.

ದೊಡ್ಡಪ್ಪ: ಗುಂಪಿನಲ್ಲಿ ಹೆಂಗಸರಿದ್ದಾರೆ.

ಮೈಸೂರು ಅತ್ತೆ: ಹೆಂಗಸರು ನಕ್ಕೂ ಆಯಿತು, ಅಣ್ಣಯ್ಯ.

ಸಾಗರದ ಚಿಕ್ಕಪ್ಪ: ಹಾಸ್ಯ ಎಂದರೆ ಅದು. ನಮ್ಮೂರ ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ಬಂದರೆ ಮಲಗಿದ್ದ ಮಕ್ಕಳೂ ಏಳುತ್ತಿದ್ದರು. ಆ ವರ್ಷ ನಾನೇ ಹಾಸ್ಯದ ವೇಷ ಕಟ್ಟಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ‘ಹ್ರಸ್ವ ಎಲ್ಲಿ, ದೀರ್ಘ ಎಲ್ಲಿ’ ಎಂದು ಕೇಳಿದಾಗ ಬಿದ್ದ ಚಪ್ಪಾಳೆಯನ್ನು ಮರೆಯಲಾಗದು.

ದೊಡ್ಡಪ್ಪ: ನಾನೂ ಮರೆತಿಲ್ಲ.

ಅಕ್ಕ: ವಿಷಯಕ್ಕೆ ಬರೋಣ. ನಾಟಕದ ಸಾಕ್ರಟೀಸ್ ನಿಜವಾದ ಸಾಕ್ರಟೀಸನೇ ಅಲ್ಲ. ಬುಟ್ಟಿಯಲ್ಲಿ ತೂಗಾಡುತ್ತ ಆಕಾಶ ನೋಡುವುದು ಪ್ರಕೃತಿ ತತ್ತ್ವಜ್ಞರ ಅಣಕ. ಹಣ ಪಡೆದು ವಾದ ಕಲಿಸುವುದು ಸೋಫಿಸ್ಟರೆಂಬ ಬೋಧಕರ ಕಸುಬು. ಪ್ಲೇಟೊ ಹೇಳುವಂತೆ ಸಾಕ್ರಟೀಸ್ ಯಾರಿಂದಲೂ ಶುಲ್ಕ ಪಡೆದವನಲ್ಲ. ಊರಿನ ಪಂಡಿತರೆಲ್ಲರ ದೋಷಗಳನ್ನು, ಬರಿಗಾಲಲ್ಲಿ ಸಂತೆಬೀದಿ ಸುತ್ತುವ, ಎಲ್ಲರೂ ಗುರುತಿಸಬಲ್ಲ ಒಬ್ಬ ಮನುಷ್ಯನ ತಲೆಗೆ ಕಟ್ಟಿದ್ದಾರೆ. ಮೇಲಾಗಿ ಆ ನಾಟಕ ಸೋತಿತು. ಮೂರರಲ್ಲಿ ಮೂರನೆಯ ಸ್ಥಾನ. ಸೋತ ನಾಟಕ ಯಾರನ್ನು ಕೊಂದೀತು?

ಮೈಸೂರು ಅತ್ತೆ: ಅಲ್ಲಿ ನೀನು ಎಡವಿದೆ, ಮಗಳೇ. ಪ್ಲೇಟೊ ಬರೆದ ‘ಅಪಾಲಜಿ’ಯಲ್ಲಿ ಸಾಕ್ರಟೀಸ್ ನ್ಯಾಯಾಲಯದೆದುರು ಮೊದಲು ಉತ್ತರಿಸುವುದು ಮೆಲೆಟಸನಿಗಲ್ಲ, ‘ಹಳೆಯ ದೂರುದಾರರಿಗೆ’. ನೀವು ಮಕ್ಕಳಾಗಿದ್ದಾಗಲೇ ಅವರು ನಿಮ್ಮ ಕಿವಿ ತುಂಬಿದರು, ಒಬ್ಬ ಹಾಸ್ಯಕವಿಯನ್ನು ಬಿಟ್ಟರೆ ಅವರ ಹೆಸರು ಹೇಳಲೂ ಆಗದು, ಅವರನ್ನು ಕರೆಸಿ ಪ್ರಶ್ನಿಸಲೂ ಆಗದು, ಇದು ನೆರಳಿನೊಂದಿಗೆ ಗುದ್ದಾಡಿದಂತೆ ಎನ್ನುತ್ತಾನೆ. ‘ಗಾಳಿಯಲ್ಲಿ ನಡೆಯುತ್ತೇನೆ’ ಎನ್ನುವ ಸಾಕ್ರಟೀಸನನ್ನು ಅರಿಸ್ಟೋಫನೀಸನ ನಾಟಕದಲ್ಲಿ ನೀವೇ ಕಂಡಿದ್ದೀರಿ ಎಂದೂ ನೆನಪಿಸುತ್ತಾನೆ. ಮೂವತ್ತು ಮತ ಆಚೀಚೆಯಾಗಿದ್ದರೆ ಅವನು ಬಿಡುಗಡೆಯಾಗುತ್ತಿದ್ದ. ಆ ಮೂವತ್ತರಲ್ಲಿ ಚಿಗಟದ ಜೋಕು ನೆನಪಿದ್ದವರು ಎಷ್ಟು ಜನರೆಂದು ಯಾರು ಹೇಳಬಲ್ಲರು?

ದೊಡ್ಡಪ್ಪ: ಅಂದರೆ ನನ್ನ ಫಾರ್ವರ್ಡ್ ಸರಿಯೇ.

ಮೈಸೂರು ಅತ್ತೆ: ಇಲ್ಲ. ಕ್ರಿ.ಪೂ. 416ರ ಔತಣವೊಂದನ್ನು ವರ್ಣಿಸುವ ‘ಸಿಂಪೋಸಿಯಂ’ನಲ್ಲಿ ಅದೇ ಪ್ಲೇಟೊ ಇಬ್ಬರನ್ನೂ ಒಟ್ಟಿಗೆ ಕುಡಿಯಲು ಕೂರಿಸುತ್ತಾನೆ. ಬೆಳಗಿನ ಜಾವದಲ್ಲಿ ಸಾಕ್ರಟೀಸ್, ದುರಂತ ನಾಟಕ ಬರೆಯಬಲ್ಲವನು ಹಾಸ್ಯವನ್ನೂ ಬರೆಯಬಲ್ಲ ಎಂದು ವಾದಿಸುತ್ತಿರುವಾಗ ಅರಿಸ್ಟೋಫನೀಸ್ ತೂಕಡಿಸಿ ಮಲಗಿಬಿಡುತ್ತಾನೆ. ಗುರುವನ್ನು ಕೊಂದವನೆಂದು ಪ್ಲೇಟೊ ತಿಳಿದಿದ್ದರೆ ಹೀಗೆ ಬರೆಯುತ್ತಿದ್ದನೇ?

ಸಾಗರದ ಚಿಕ್ಕಪ್ಪ: ಸೋತ ಮೇಲೆ ಆ ಹಾಸ್ಯಗಾರ ಏನು ಮಾಡಿದ?

ಅಕ್ಕ: ನಾಟಕವನ್ನು ತಿದ್ದಿ ಬರೆದ, ನಮಗೆ ಉಳಿದಿರುವುದು ಆ ತಿದ್ದಿದ ಪ್ರತಿಯೇ. ಅದರ ನಡುವೆ ಪ್ರೇಕ್ಷಕರಿಗೇ ಬೈಯುತ್ತಾನೆ, ನನ್ನ ಅತಿ ಜಾಣತನದ ನಾಟಕವನ್ನು ಸೋಲಿಸಿದಿರಿ ಎಂದು. ಅಂದು ಗೆದ್ದವನು ಮುದುಕ ಕ್ರಟೈನಸ್. ಹಿಂದಿನ ವರ್ಷವಷ್ಟೇ ಅರಿಸ್ಟೋಫನೀಸ್ ಅವನನ್ನು ಕುಡಿದು ಕೆಟ್ಟ ಮುದುಕನೆಂದು ರಂಗದ ಮೇಲೆ ಆಡಿಕೊಂಡಿದ್ದ. ಮುದುಕ ತನ್ನ ಕುಡಿತವನ್ನೇ ವಸ್ತು ಮಾಡಿಕೊಂಡು ‘ಮದ್ಯದ ಬುರುಡೆ’ ಎಂಬ ನಾಟಕ ಬರೆದು ಮೊದಲ ಬಹುಮಾನ ಹೊಡೆದ.

ದೊಡ್ಡಪ್ಪ: ಭೇಷ್. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಸಾಗರದ ಚಿಕ್ಕಪ್ಪ: ಅಣ್ಣಯ್ಯ, ಕಥೆಯಲ್ಲಿ ಸಾಕ್ರಟೀಸ್ ಎದ್ದು ನಿಂತ. ನೀವು ಅಂದು ನನ್ನ ವೇಷದ ನಡುವೆಯೇ ಎದ್ದು ಹೋದಿರಿ. ಇಷ್ಟು ವರ್ಷಗಳಲ್ಲಿ ಆ ಬಗ್ಗೆ ಒಂದು ಮಾತು ಆಡಲಿಲ್ಲ.

(ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ಬಹಳ ಹೊತ್ತು ತೋರಿಸಿತು. ನಿಂತಿತು. ಮತ್ತೆ ತೋರಿಸಿತು.)

ದೊಡ್ಡಪ್ಪ: ಅಂಗಳದಲ್ಲಿ ಅಡಿಕೆ ಒಣಗಲು ಹರಡಿತ್ತು. ಮೋಡ ಕಟ್ಟಿದ ಹಾಗೆ ಕಂಡಿತು. ಟಾರ್ಪಾಲು ಮುಚ್ಚಲು ಹೋದೆ.

ಸಾಗರದ ಚಿಕ್ಕಪ್ಪ: ಅಂದು ರಾತ್ರಿಯಿಡೀ ನಕ್ಷತ್ರ ಕಾಣುತ್ತಿತ್ತು, ಅಣ್ಣಯ್ಯ.