ಪದಚರ್ಚೆ: ಬಿಪಿ ‘ಕಡಿಮೆ ಆಯ್ತು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಕಡೆಯ ಆಶಾ ಕಾರ್ಯಕರ್ತೆಯರಿಗಾಗಿ ಬಿಪಿ ಕುರಿತ ಒಂದು ಚಿಕ್ಕ ಕೈಪಿಡಿಯ ಕನ್ನಡ ತಿದ್ದುತ್ತಿದ್ದೇನೆ. ಒಂದು ಸಾಲಿನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಗುಳಿಗೆ ತೊಗೊಳ್ಳುತ್ತಾ ಬಿಪಿ 140/90ರ ಕೆಳಗೆ ಬಂದವರಿಗೆ ಹೇಳುವ ಮಾತು ಕರಡಿನಲ್ಲಿ ‘ನಿಮ್ಮ ರಕ್ತದೊತ್ತಡ ಕಡಿಮೆಯಾಗಿದೆ’ ಅಂತಿದೆ. ನಮ್ಮ ಕಡೆ ‘ನೆಗಡಿ ಕಡಿಮಿ ಆತೇನು?’ ಅಂದರೆ ವಾಸಿ ಆಯ್ತಾ ಅಂತಲೇ ಅರ್ಥ. ಹಾಗಾಗಿ ‘ಬಿಪಿ ಕಡಿಮಿ ಆಗೇತಿ’ ಅಂತ ಕೇಳಿದವರು ಬ್ಯಾನಿ ಹೋತು, ಇನ್ನ ಗುಳಿಗಿ ಯಾಕ ಅಂತ ಬಿಟ್ಟುಬಿಡುತ್ತಾರೆ. ಇನ್ನು ಕೆಲವರಿಗೆ ಅದೇ ಮಾತು ‘ಲೋ ಬಿಪಿ’ ಅಂತ ಕೇಳಿಸುತ್ತದೆ, ಎಲ್ಲಿ ತಲೆ ತಿರುಗಿ ಬೀಳುತ್ತೇನೋ ಅಂತ ಹೆದರಿ ಅವರೂ ನಿಲ್ಲಿಸುತ್ತಾರೆ.

ನಷ್ಟ ಆಗುವುದೇ ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ನೋಡಿ: 2019ರ ಲೆಕ್ಕದಂತೆ ಜಗತ್ತಿನಲ್ಲಿ 30ರಿಂದ 79 ವಯಸ್ಸಿನ ಸುಮಾರು 130 ಕೋಟಿ ಜನರಿಗೆ ಏರಿದ ಬಿಪಿ ಇತ್ತು, ಬಹುಪಾಲು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಅವರಲ್ಲಿ 100ಕ್ಕೆ 42 ಜನ ಚಿಕಿತ್ಸೆ ಪಡೆಯುತ್ತಿದ್ದರು, ಆದರೆ ಬಿಪಿ ಮಿತಿಯೊಳಗೆ ಇದ್ದದ್ದು 21 ಜನರದ್ದು ಮಾತ್ರ. ಅರ್ಧಕ್ಕರ್ಧ! ಹಿಂದೆ ಎಷ್ಟು ಜನರನ್ನು ತಪಾಸಣೆ ಮಾಡಿದೆವು ಅಂತ ಲೆಕ್ಕ ಇಟ್ಟರೆ ಸಾಕಿತ್ತು. 2017ರಲ್ಲಿ ಶುರುವಾದ ಭಾರತದ ಬಿಪಿ ನಿಯಂತ್ರಣ ಕಾರ್ಯಕ್ರಮದಲ್ಲಿ ಎಷ್ಟು ಜನರ ಬಿಪಿ ನಿಜವಾಗಿ ಮಿತಿಯೊಳಗೆ ಇದೆ ಅನ್ನುವುದೇ ಲೆಕ್ಕ. ಎಲ್ಲರಿಗೂ ಒಂದೇ ಕ್ರಮದ ಗುಳಿಗೆ (ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಇತ್ಯಾದಿ), ಮನೆ ಹತ್ತಿರ ಸಿಗುವ ಹಾಗೆ, ನರ್ಸ್ ಮತ್ತು ಆಶಾ ಕೂಡ ಜೊತೆಗೆ. ಇಷ್ಟೆಲ್ಲ ವ್ಯವಸ್ಥೆ ಮಾಡಿ ಕೊನೆಗೆ ಮನೆ ಬಾಗಿಲಲ್ಲಿ ಆಡುವ ಮಾತೇ ಗುಳಿಗೆ ಬಿಡಿಸಿದರೆ ಹೇಗೆ?

ಹಾಗಾದರೆ ಯಾವ ಪದ? ‘ನಿಯಂತ್ರಣ’ ಕಚೇರಿಗೆ ಸರಿ, ಮನೆಯಲ್ಲಿ ಯಾರೂ ಆಡಲ್ಲ. ‘ಅಂಕೆ’ ನನಗೆ ಇಷ್ಟ, ಆದರೆ ಅದಕ್ಕೆ ಸಂಖ್ಯೆ ಅನ್ನುವ ಅರ್ಥವೂ ಇದೆ, ಬಿಪಿಯ ಮಾತಲ್ಲಿ ಗೊಂದಲ ಆಗುತ್ತೆ. ‘ಹತೋಟಿ’ ರೈತರಿಗೆ ಗೊತ್ತಿರುವ ಪದ, ಕೀಟ ಹತೋಟಿ, ಕಳೆ ಹತೋಟಿ ಅಂತ ಕೇಳಿರುತ್ತಾರೆ. ಪೇಟೆಯಲ್ಲಿ ಎಲ್ಲರೂ ‘ಕಂಟ್ರೋಲ್’ ಅಂತಲೇ ಅನ್ನುತ್ತಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ.

ನನಗೆ ಅನಿಸುವುದು, ತೊಂದರೆ ಇರುವುದು ಕ್ರಿಯಾಪದದಲ್ಲಿ. ‘ಕಂಟ್ರೋಲ್ ಆತು’, ‘ಹತೋಟಿಗೆ ಬಂತು’ ಎರಡೂ ಮುಗಿದ ಕೆಲಸದ ಹಾಗೆ ಕೇಳುತ್ತವೆ. ‘ಗುಳಿಗಿಯಿಂದ ಬಿಪಿ ಹಿಡಿತದಾಗ ಐತಿ’ ಅಂದರೆ? ಹೋರಿಯ ಮೂಗುದಾರ ಹಿಡಿದಿರುವ ತನಕ ಅದು ನಿಲ್ಲುತ್ತದೆ, ಬಿಟ್ಟರೆ ಓಡುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ‘ಹಿಡಿತ’ ಅನ್ನುವ ಪದದಲ್ಲೇ ಅದು ಇದೆ, ಅಲ್ವಾ? ‘ಗುಳಿಗಿಯಿಂದ’ ಅನ್ನುವುದನ್ನು ಮಾತ್ರ ಬಿಡಬಾರದು.

ಇನ್ನೊಂದು ಸಾಲು. ತಪಾಸಣೆಗೆ ಬರದೆ ಹೋದವರನ್ನು ಕರಡು ‘ಅನುಸರಣೆ ತಪ್ಪಿದವರು’ ಅಂತ ಕರೆದಿದೆ. ಏನೋ ತಪ್ಪು ಮಾಡಿದವರ ಹಾಗೆ. ಗೋವಾ, ಮಹಾರಾಷ್ಟ್ರದ ಕಡೆ ಗುಳೆ ಹೋದವರು ಹೇಗೆ ಬಂದಾರು? ಅಂಥವರಿಗೆ ಗುಳಿಗೆ ಹೆಚ್ಚು ದಿನಕ್ಕೆ ಆಗುವಷ್ಟು ಕೊಟ್ಟು ಕಳಿಸಬೇಕು, ಬೈಯುವ ಪದ ಬೇಡ. ‘ಈ ಸಲ ಬಾರದವರು’ ಅಂತ ಬರೆದಿದ್ದೇನೆ.

‘ಬಿಪಿ ಏರ್ತು’ ಅನ್ನುವುದನ್ನು ಸಿಟ್ಟಿಗೂ ಬಳಸುತ್ತೇವೆ, ಅದರಿಂದ ಸಿಟ್ಟಿಲ್ಲದವರಿಗೆ ಬಿಪಿ ಬರಲ್ಲ ಅನ್ನುವ ನಂಬಿಕೆ ಬೆಳೆದಿದೆ. ಬಿಪಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸಲ್ಲ, ಅಳೆದೇ ತಿಳಿಯಬೇಕು. ಅದಕ್ಕೆ ಬೇರೆ ಪುಟವೇ ಇಟ್ಟಿದ್ದೇನೆ.

ವಿಜಯಪುರದವರು ‘ಹಿಡಿತದಾಗ ಅದ’ ಅಂತಾರಾ? ಬೆಳಗಾವಿಯ ಗಡಿಯಲ್ಲಿ, ಮರಾಠಿ ಬೆರೆಸಿ ಆಡುವ ಮನೆಗಳಲ್ಲಿ ಇದಕ್ಕೆ ಬೇರೆ ಮಾತು ಇದೆಯಾ? ನಿಮ್ಮ ಮನೆಯ ಹಿರಿಯರು ಆಡುವ ಹಾಗೇ ಬರೆದು ಕಳಿಸಿ, ತಿದ್ದಿ ಕಳಿಸಬೇಡಿ.