ಅಪ್ಪ, ಅಮ್ಮ, ಮಕ್ಕಳ ಜೊತೆ ಯುರೋಪ್ ಬಸ್ ಟೂರ್: 11 ದಿನಕ್ಕೆ 7 ದೇಶ, ಆಗುತ್ತಾ?

ವಿಜಯನಗರ_ಮನೆಮಂದಿ

ಎಲ್ಲರಿಗೂ ನಮಸ್ಕಾರ. ಬರುವ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಸೇರಿ ಯುರೋಪಿಗೆ ಹೋಗಿ ಬರೋಣ ಅಂತ ಮಾತಾಗಿದೆ. ಒಟ್ಟು ಆರು ಜನ. ನಾನು, ನಮ್ಮ ಯಜಮಾನರು, ಮಗಳಿಗೆ 13, ಮಗನಿಗೆ 8, ಜೊತೆಗೆ ನನ್ನ ಅಪ್ಪ ಅಮ್ಮ. ಅಪ್ಪನಿಗೆ 71. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಈಗ ಆರಾಮಾಗಿದ್ದಾರೆ, ದಿನಾ ಬೆಳಗ್ಗೆ ಪಾರ್ಕಿನಲ್ಲಿ ಅರ್ಧ ಗಂಟೆ ನಡೆಯುತ್ತಾರೆ. ಅಮ್ಮನಿಗೆ 66, ಮಂಡಿ ನೋವು, ಮೆಟ್ಟಿಲು ಅಂದರೆ ಕಷ್ಟ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಧರ್ಮಸ್ಥಳ ರೂಟಿನಲ್ಲೇ ಎಷ್ಟೋ ವರ್ಷ ಓಡಿಸಿದ್ದಾರೆ. ನಾವು ಚಿಕ್ಕವರಿದ್ದಾಗ ಹಬ್ಬಕ್ಕೂ ಮನೆಯಲ್ಲಿ ಇರುತ್ತಿರಲಿಲ್ಲ. ಅವರು ಒಂದು ಸಲ ಸುಮ್ನೆ ಕಿಟಕಿ ಪಕ್ಕ ಕೂತು ಊರು ನೋಡಿಕೊಂಡು ಬರಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಒಂದು ಟ್ರಾವೆಲ್ಸ್‌ನವರು ಕೊಟ್ಟಿರುವ ಪ್ಯಾಕೇಜ್ ಹೀಗಿದೆ. 10 ರಾತ್ರಿ, 11 ದಿನ. ಪ್ಯಾರಿಸ್‌ನಲ್ಲಿ ಇಳಿದು ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಬ್ಲ್ಯಾಕ್ ಫಾರೆಸ್ಟ್, ಸ್ವಿಟ್ಜರ್ಲೆಂಡ್, ಇನ್ಸ್‌ಬ್ರುಕ್, ವೆನಿಸ್, ಪೀಸಾ, ಫ್ಲಾರೆನ್ಸ್, ಕೊನೆಗೆ ರೋಮ್‌ನಿಂದ ವಾಪಸ್. ಪೂರ್ತಿ ಬಸ್ಸಿನಲ್ಲೇ. ಪ್ಯಾರಿಸ್‌ನಲ್ಲಿ 2 ರಾತ್ರಿ, ಸ್ವಿಟ್ಜರ್ಲೆಂಡಿನಲ್ಲಿ 2, ಆಮ್‌ಸ್ಟರ್‌ಡ್ಯಾಮ್, ಕಲೋನ್, ಇನ್ಸ್‌ಬ್ರುಕ್, ವೆನಿಸ್, ಫ್ಲಾರೆನ್ಸ್, ರೋಮ್ ಒಂದೊಂದು ರಾತ್ರಿ. ವಯಸ್ಸಾದವರಿಗೆ ಇದು ಜಾಸ್ತಿ ಆಗುತ್ತಾ? ಬಸ್ಸಿನಲ್ಲಿ ಟಾಯ್ಲೆಟ್ ಇರುತ್ತಾ? ಮನೆಯಿಂದ ಏನು ತಿಂಡಿ ಒಯ್ಯಬಹುದು? ಹೋಗಿ ಬಂದವರು ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಗಿರಿನಗರ_ನಿವೃತ್ತ

ಮೇಡಂ, ನಾನೂ ನನ್ನ ಹೆಂಡತಿಯೂ ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಹೆಚ್ಚುಕಮ್ಮಿ ಇದೇ ದಾರಿಯಲ್ಲಿ ಹೋಗಿ ಬಂದೆವು. ನನಗೆ ಆಗ 68. ಆಗುತ್ತಾ ಅಂತ ಕೇಳಿದರೆ ಖಂಡಿತ ಆಗುತ್ತೆ. ಆದರೆ ಈ ಪ್ಯಾಕೇಜನ್ನು ಹೀಗೇ ತಗೊಳ್ಳಬೇಡಿ.

ದೇಶ ಎಷ್ಟು ಅನ್ನೋದನ್ನು ಪಕ್ಕಕ್ಕಿಟ್ಟು ಹೋಟೆಲ್ ಎಷ್ಟು ಅಂತ ಎಣಿಸಿ. ನಿಮ್ಮದರಲ್ಲಿ 10 ರಾತ್ರಿಗೆ 8 ಹೋಟೆಲ್. ಹೋಟೆಲ್ ಬದಲಿಸುವ ದಿನ ಬೆಳಗ್ಗೆ ಆರಕ್ಕೆ ಏಳಬೇಕು, ಏಳಕ್ಕೆ ತಿಂಡಿ, ಅಷ್ಟರೊಳಗೆ ಸೂಟ್‌ಕೇಸ್ ಕಟ್ಟಿ ನೀವೇ ಎಳೆದುಕೊಂಡು ಕೆಳಗೆ ತರಬೇಕು, ಎಂಟಕ್ಕೆ ಬಸ್ ಹೊರಟೇಬಿಡುತ್ತೆ. ನಮಗೆ ಬಸ್ಸಿನಲ್ಲಿ ಕೂತು ಸುಸ್ತಾಗಲಿಲ್ಲ, ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚಿ ಸುಸ್ತಾಯಿತು. ಆರನೇ ದಿನಕ್ಕೆ ನನ್ನ ಹೆಂಡತಿ ಸೂಟ್‌ಕೇಸ್ ತೆಗೆಯುವುದನ್ನೇ ಬಿಟ್ಟರು. ಒಂದು ಕೈಚೀಲದಲ್ಲಿ ಎರಡು ದಿನದ ಬಟ್ಟೆ, ಮಾತ್ರೆ, ಸೋಪು ಇಟ್ಟುಕೊಂಡು ಅದರಲ್ಲೇ ನಡೆಸಿದರು. ನೀವು ಮೊದಲ ದಿನದಿಂದಲೇ ಹಾಗೆ ಮಾಡಿ.

ದೂರದ ಲೆಕ್ಕವನ್ನೂ ನೋಡಿ. ಕಲೋನ್‌ನಿಂದ ಬ್ಲ್ಯಾಕ್ ಫಾರೆಸ್ಟ್ 400 ಕಿ.ಮೀ.ಗಿಂತ ಜಾಸ್ತಿ, ನಮ್ಮ ಬೆಂಗಳೂರು ಹುಬ್ಬಳ್ಳಿಯಷ್ಟು. ಅದಾದ ಮೇಲೆ ಅದೇ ದಿನ ರೈನ್ ಜಲಪಾತ ಸೇರಿಸಿರುತ್ತಾರೆ. ಜೋಗ ನೋಡಿದ ನಮಗೆ 23 ಮೀಟರ್ ಎತ್ತರದ ಜಲಪಾತ ಏನು ಅಂತ ಅಂದುಕೊಂಡಿದ್ದೆ. ಹತ್ರ ಹೋದಾಗ ಬೇರೆಯೇ. 150 ಮೀಟರ್ ಅಗಲಕ್ಕೆ ಇಡೀ ನದಿ ಒಟ್ಟಿಗೆ ನುಗ್ಗುತ್ತೆ, ಮೇ ತಿಂಗಳಲ್ಲಿ ಮಂಜು ಕರಗಿ ನೀರು ತುಂಬಿರುತ್ತೆ, ದಡದ ಕಟಾಂಜನ ಹಿಡಿದರೆ ಕೈಗೆ ನಡುಕ ಗೊತ್ತಾಗುತ್ತೆ. ಅಲ್ಲಿ ನಮಗೆ ಕೊಟ್ಟಿದ್ದು 40 ನಿಮಿಷ. ಅದೇ ನನಗೆ ಇವತ್ತಿಗೂ ಬೇಸರ.

ಟಾಯ್ಲೆಟ್ ವಿಷಯ. ಬಸ್ಸಿನಲ್ಲಿ ಇದ್ದರೂ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ, ಎರಡು ಎರಡೂವರೆ ಗಂಟೆಗೊಮ್ಮೆ ಹೆದ್ದಾರಿ ಪಕ್ಕ ನಿಲ್ಲಿಸುತ್ತಾರೆ. ಹೆಚ್ಚಿನ ಕಡೆ ದುಡ್ಡು ಕೊಡಬೇಕು. ಜರ್ಮನಿಯಲ್ಲಿ ಗೇಟಿಗೆ 1 ಯೂರೋ ಹಾಕಿದರೆ ಒಂದು ಚೀಟಿ ಬರುತ್ತೆ. ಅದನ್ನು ಬಿಸಾಕಬೇಡಿ, ಅಲ್ಲೇ ಅಂಗಡಿಯಲ್ಲಿ ಕಾಫಿ ತಗೊಂಡರೆ 1 ಯೂರೋ ಕಡಿಮೆ ಮಾಡುತ್ತಾರೆ. ಮೊದಲ ಸಲ ನಮ್ಮ ಹತ್ರ ಇದ್ದದ್ದು 50ರ ನೋಟು ಮಾತ್ರ. ಹಿಂದೆ ಇಡೀ ಬಸ್ಸಿನ ಹೆಂಗಸರು ಸಾಲು ನಿಂತಿದ್ದಾರೆ, ನನ್ನ ಹೆಂಡತಿ ಗೇಟಿನ ಮುಂದೆ ನಿಂತು ನನ್ನ ಮುಖ ನೋಡುತ್ತಿದ್ದಾರೆ. ಹಾಸನದ ಒಬ್ಬ ತಾಯಿ ತಮ್ಮ ನಾಣ್ಯ ಹಾಕಿ ಒಳಗೆ ಬಿಟ್ಟರು. ಆಮೇಲೆ ನನ್ನ ಹೆಂಡತಿ ಹಳೇ ಕುಂಕುಮದ ಡಬ್ಬಿ ತುಂಬ ನಾಣ್ಯ ಇಟ್ಟುಕೊಂಡೇ ಬಸ್ ಇಳಿಯುತ್ತಿದ್ದರು. ನಿಮ್ಮ ಅಮ್ಮನಿಗೂ ಒಂದು ಡಬ್ಬಿ ಕೊಡಿ.

ಬಸವನಗುಡಿ_ಅಡುಗೆಮನೆ

ತಿಂಡಿ ಬಗ್ಗೆ ನಾನು ಹೇಳುತ್ತೇನೆ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಹೊರಗಿನಿಂದ ಯುರೋಪ್ ಒಕ್ಕೂಟದ ದೇಶಗಳಿಗೆ ತರುವ ಹಾಗಿಲ್ಲ. ಅಂದರೆ ತುಪ್ಪದ ಬಾಟಲಿ, ಪೇಡ ಮನೆಯಲ್ಲೇ ಬಿಡಿ. ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ, ಗೊಜ್ಜವಲಕ್ಕಿ ಪುಡಿ, ಅವಲಕ್ಕಿ ಇವುಗಳಿಗೆ ನಮಗೆ ಏನೂ ತೊಂದರೆ ಆಗಲಿಲ್ಲ. ಅಲ್ಲಿನ ಹೋಟೆಲ್ ರೂಮಿನಲ್ಲಿ ಕೆಟಲ್ ಇರುತ್ತೆ ಅಂತ ನಂಬಬೇಡಿ, ಒಂದು ಚಿಕ್ಕದನ್ನು ನೀವೇ ಒಯ್ಯಿರಿ. ಬೆಳಗಿನ ತಿಂಡಿ ಬ್ರೆಡ್, ಚೀಸ್, ಹಣ್ಣು, ಕಾರ್ನ್‌ಫ್ಲೇಕ್ಸ್, ಇಷ್ಟೇ. ಮೂರನೇ ದಿನ ನಮ್ಮ ಅತ್ತೆ ಬ್ರೆಡ್ ನೋಡಿದರೇ ಎದ್ದು ಬರುತ್ತಿದ್ದರು. ಬಿಸಿ ನೀರಲ್ಲಿ ಅವಲಕ್ಕಿ ನೆನೆಸಿ ಗೊಜ್ಜಿನ ಪುಡಿ ಕಲಸಿ ಕೊಟ್ಟೆ, ಕಣ್ಣಲ್ಲಿ ನೀರು ಬಂತು ಅವರಿಗೆ. ಮೊಸರು ಎಲ್ಲಾ ಸೂಪರ್ ಮಾರ್ಕೆಟ್‌ನಲ್ಲೂ ಸಿಗುತ್ತೆ, ಸಿಹಿ ಹಾಕದ್ದು ನೋಡಿ ತಗೊಳ್ಳಿ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿ ಹೆಚ್ಚುಕಡಿಮೆ ಎಲ್ಲಾ ಮುಚ್ಚಿರುತ್ತೆ, ಶನಿವಾರವೇ ತಂದಿಟ್ಟುಕೊಳ್ಳಿ.

ನೀರಿಗೆ ದುಡ್ಡು ಸುರಿಯಬೇಡಿ. ಈ ದೇಶಗಳಲ್ಲಿ ನಲ್ಲಿ ನೀರೇ ಕುಡಿಯಬಹುದು. ಬಾಟಲಿ ಮಾತ್ರ ಒಯ್ಯಿರಿ.

ವಿಜಯನಗರ_ಮನೆಮಂದಿ

ತುಂಬಾ ಥ್ಯಾಂಕ್ಸ್. ಕುಂಕುಮದ ಡಬ್ಬಿ ವಿಷಯ ಅಮ್ಮನಿಗೆ ಓದಿ ಹೇಳಿದೆ, ಈಗಲೇ ಹುಡುಕಿ ಇಟ್ಟಿದ್ದಾರೆ. ಹೋಟೆಲ್ ಎಣಿಸುವುದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಯಾವ ಊರು ಬಿಡೋದು, ಯಾವುದು ಉಳಿಸಿಕೊಳ್ಳೋದು? ಇನ್ನೊಂದು, ಅಪ್ಪನಿಗೆ ಹಿಮದ ಬೆಟ್ಟ ಹತ್ತಿಸಬಹುದಾ?

ಹಳೇ_ಟೂರ್_ಮ್ಯಾನೇಜರ್

ಅಕ್ಕಾ, ನಾನು ಮಲ್ಲೇಶ್ವರದವನು, ಆರು ವರ್ಷ ಇಂಥದ್ದೇ ಗ್ರೂಪ್‌ಗಳನ್ನು ಕರೆದುಕೊಂಡು ಹೋಗಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಬೆಟ್ಟ. ಸ್ವಿಟ್ಜರ್ಲೆಂಡಿನ ಟಿಟ್ಲಿಸ್ ಬೆಟ್ಟದಲ್ಲಿ ಕೇಬಲ್ ಕಾರ್ ನಿಲ್ಲುವುದು ಸುಮಾರು 3,000 ಮೀಟರ್ ಎತ್ತರದಲ್ಲಿ. ಅಲ್ಲಿನದೇ ಯುಂಗ್‌ಫ್ರೌಯೋಕ್ ರೈಲು ನಿಲ್ದಾಣ 3,454 ಮೀಟರ್. ನಮ್ಮ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಇಲ್ಲ ಅಂದರೆ ಲೆಕ್ಕ ಹಾಕಿ. ಅಷ್ಟು ಎತ್ತರಕ್ಕೆ ಒಂದೆರಡು ಗಂಟೆಯೊಳಗೇ ಹೋಗಿಬಿಡುತ್ತೀರಿ, ಮೈಗೆ ಹೊಂದಿಕೊಳ್ಳಲು ಟೈಮ್ ಸಿಗಲ್ಲ. ಸ್ಟೆಂಟ್ ಹಾಕಿದ ಡಾಕ್ಟರ್ ಹತ್ರ ಎತ್ತರ ಎಷ್ಟು ಅಂತ ಹೇಳಿ ಕೇಳಿ. ಅವರು ಸರಿ ಅಂದರೆ ಟಿಟ್ಲಿಸ್ ಒಂದು ಸಾಕು. ಮೇಲೆ ಹೋದ ಮೇಲೆ ಹತ್ತು ನಿಮಿಷ ಸುಮ್ನೆ ಕೂರಬೇಕು, ನಿಧಾನಕ್ಕೆ ನಡೆಯಬೇಕು. ಬೇಡ ಅಂದರೆ ಯೋಚನೆ ಮಾಡಬೇಡಿ, ಲುಸರ್ನ್ ಸರೋವರದಲ್ಲಿ ದೋಣಿ ಹತ್ತಿಸಿ. ಹಿಮದ ಬೆಟ್ಟಗಳು ನೀರಿನ ಮೇಲಿಂದಲೇ ಕಾಣುತ್ತವೆ.

ಬಿಡುವುದಾದರೆ ನಾನು ಪೀಸಾ ಮತ್ತು ಇನ್ಸ್‌ಬ್ರುಕ್ ಬಿಡುತ್ತೇನೆ. ಇನ್ಸ್‌ಬ್ರುಕ್ ಚೆನ್ನಾಗಿಲ್ಲ ಅಂತಲ್ಲ. ಸಂಜೆ ಮುಟ್ಟಿ, ಅಲ್ಲಿನ ಹೆಸರುವಾಸಿ ಬಂಗಾರದ ಮಾಡಿನ (ಗೋಲ್ಡನ್ ರೂಫ್) ಮುಂದೆ ಫೋಟೋ ತೆಗೆದು, ಬೆಳಗ್ಗೆ ಹೊರಟುಬಿಡುವುದಾದರೆ ಯಾಕೆ ಬೇಕು ಹೇಳಿ. ಆ ರಾತ್ರಿಯನ್ನು ಸ್ವಿಟ್ಜರ್ಲೆಂಡಿಗೆ ಸೇರಿಸಿ ಮೂರು ಮಾಡಿ. ಪೀಸಾದಲ್ಲಿ ಬಸ್ ನಿಲ್ಲುವ ಜಾಗ ಗೋಪುರದಿಂದ ದೂರ, ನಿಮ್ಮ ಅಮ್ಮನಿಗೆ ನಡೆಯುವುದು ಜಾಸ್ತಿ ಆಗುತ್ತೆ. ಫ್ಲಾರೆನ್ಸ್, ರೋಮ್‌ನಲ್ಲೂ ಹಳೇ ಊರಿನೊಳಗೆ ದೊಡ್ಡ ಬಸ್ ಬಿಡುವುದಿಲ್ಲ, ಬೀದಿಗೆಲ್ಲ ಕಲ್ಲು ಹಾಸಿರುತ್ತಾರೆ. ಹೊಸ ಶೂ ಹಾಕಿಕೊಂಡು ಬಂದು ಕಾಲಿಗೆ ಬೊಬ್ಬೆ ಬಂದವರನ್ನು ತುಂಬಾ ನೋಡಿದ್ದೇನೆ. ಈಗಲೇ ಕೊಂಡು ಇಲ್ಲೇ ಹಾಕಿ ಓಡಾಡಿಸಿ.

ಪ್ಯಾಕೇಜ್ ಕಾಗದದಲ್ಲಿ ಮೂರು ಮಾತಿನ ಅರ್ಥ ತಿಳಿದಿರಲಿ. ‘ಫೋಟೋ ಸ್ಟಾಪ್’ ಅಂದರೆ ಇಳಿದು ಹೊರಗಿನಿಂದ ನೋಡಿ ಹತ್ತುವುದು. ‘ಪನೋರಮಿಕ್’ ಅಂದರೆ ಬಸ್ಸಿನ ಕಿಟಕಿಯಿಂದ. ‘ಎಂಟ್ರಿ’ ಅಂತ ಬರೆದಿದ್ದರೆ ಮಾತ್ರ ಒಳಗೆ ಹೋಗುವ ಟಿಕೆಟ್ ಸೇರಿದೆ. ಐಫೆಲ್ ಟವರ್ ಮುಂದೆ ಏನು ಬರೆದಿದ್ದಾರೆ ನೋಡಿ. ಎಂಟ್ರಿ ಇದ್ದರೂ ಎರಡನೇ ಹಂತದವರೆಗಾ, ತುದಿವರೆಗಾ ಅಂತ ಬರೆಸಿಕೊಳ್ಳಿ. ನೆದರ್ಲೆಂಡ್ಸ್‌ನ ಕ್ಯೂಕೆನ್‌ಹೋಫ್ ಹೂತೋಟ ಇದ್ದರೆ ತಾರೀಖು ನೋಡಿ, ಅದು ಸುಮಾರು ಮಾರ್ಚ್ ಮೂರನೇ ವಾರದಿಂದ ಮೇ ಎರಡನೇ ವಾರದವರೆಗೆ ಮಾತ್ರ ತೆರೆದಿರುತ್ತೆ.

ಕೊನೆಯದಾಗಿ ಡ್ರೈವರ್ ವಿಷಯ, ಇದನ್ನು ನಿಮ್ಮ ಅಪ್ಪನಿಗೆ ಓದಿ ಹೇಳಿ. ಅಲ್ಲಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ತಗೊಳ್ಳಲೇಬೇಕು. ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10. ರಾತ್ರಿ 11 ಗಂಟೆ ಬಿಡುವು, ಕೆಲವು ದಿನ 9ಕ್ಕೆ ಇಳಿಸಬಹುದು. ಡ್ಯಾಶ್‌ಬೋರ್ಡ್‌ನಲ್ಲಿ ಟ್ಯಾಕೋಗ್ರಾಫ್ ಅಂತ ಯಂತ್ರ ಇರುತ್ತೆ, ಡ್ರೈವರ್ ತನ್ನ ಹೆಸರಿನ ಕಾರ್ಡ್ ಹಾಕಿಯೇ ಗಾಡಿ ಓಡಿಸಬೇಕು. ಪ್ರತಿ ನಿಮಿಷವೂ ಅದರಲ್ಲಿ ದಾಖಲಾಗುತ್ತೆ. ಪೊಲೀಸರು ಎಲ್ಲಿ ಬೇಕಾದರೂ ನಿಲ್ಲಿಸಿ ನೋಡಬಹುದು, ತಪ್ಪಿದರೆ ದಂಡ.

ಒಂದು ಸಲ ಆಸ್ಟ್ರಿಯಾ, ಇಟಲಿ ನಡುವಿನ ಬ್ರೆನ್ನರ್ ದಾರಿಯಲ್ಲಿ ಟ್ರಾಫಿಕ್ ಜಾಮ್ ಆಗಿ ತುಂಬಾ ತಡವಾಯಿತು. ಹೋಟೆಲ್ ಇನ್ನು 25 ಕಿ.ಮೀ. ಇದೆ ಅನ್ನುವಾಗ ನಮ್ಮ ಡ್ರೈವರ್ ಬಸ್ ಪಕ್ಕಕ್ಕೆ ತಗೊಂಡು ಇಂಜಿನ್ ಆಫ್ ಮಾಡಿದರು. ಬಸ್ಸಿನಲ್ಲಿ 44 ಜನ, ಮಕ್ಕಳು ಹಸಿದಿದ್ದಾರೆ, ಎಲ್ಲರೂ ನನ್ನ ಮೇಲೆ ಕೂಗಾಡಿದರು. ಡ್ರೈವರ್ ಅರವತ್ತರ ಹತ್ರದವರು. ಅವರು ಎದ್ದು ಬಂದು ತಮ್ಮ ಕಾರ್ಡ್ ತೆಗೆದು ತೋರಿಸಿ, ಯಂತ್ರದ ಮೇಲಿದ್ದ 4 ಗಂಟೆ 26 ನಿಮಿಷ ಅನ್ನೋದನ್ನು ಬೆರಳಿಟ್ಟು ತೋರಿಸಿದರು. ಮುಂದೆ ಕೂತಿದ್ದ ಒಬ್ಬ ಅಜ್ಜ ಅದನ್ನು ನೋಡಿ ತಿರುಗಿ ಎಲ್ಲರಿಗೂ ಹೇಳಿದರು, ‘ಸುಮ್ನಿರಿ, ಅವರೂ ಮನುಷ್ಯರೇ ಅಲ್ವಾ.’ ಆಮೇಲೆ ಯಾರೂ ಮಾತಾಡಲಿಲ್ಲ. ಅದಕ್ಕೇ ಹೇಳುವುದು, ಶಾಪಿಂಗ್‌ನಲ್ಲಿ ಅರ್ಧ ಗಂಟೆ ತಡಮಾಡಿ ಬಂದರೆ ಆ ಅರ್ಧ ಗಂಟೆಯನ್ನು ರಸ್ತೆಯಲ್ಲಿ ಜೋರಾಗಿ ಓಡಿಸಿ ಸರಿಮಾಡಲು ಆಗಲ್ಲ. ಬಸ್ಸಿಗೆ ಗಂಟೆಗೆ 100 ಕಿ.ಮೀ. ಮಿತಿ ಬೇರೆ ಇದೆ. ಸಂಜೆ ನೋಡಬೇಕಾದ ಜಾಗವೇ ತಪ್ಪಿಹೋಗುತ್ತೆ.

ಜಯನಗರ_9ನೇ_ಬ್ಲಾಕ್

ವೀಸಾ ಬಗ್ಗೆ ಯಾರೂ ಹೇಳಿಲ್ಲ. ಈ ಏಳು ದೇಶಕ್ಕೂ ಒಂದೇ ಶೆಂಗೆನ್ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅದಕ್ಕೆ ಅರ್ಜಿ ಹಾಕಬೇಕು. ಈಗಿನ ಪ್ಯಾಕೇಜ್ ಪ್ರಕಾರ ಇಟಲಿಯಲ್ಲಿ 3 ರಾತ್ರಿ, ಹಾಗಾಗಿ ಇಟಲಿ. ಮೇಲಿನವರು ಹೇಳಿದ ಹಾಗೆ ಸ್ವಿಟ್ಜರ್ಲೆಂಡಿಗೂ ಮೂರು ರಾತ್ರಿ ಮಾಡಿಸಿದರೆ ಎರಡೂ ಸಮ ಆಗಬಹುದು. ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ ಹಾಕಬೇಕು, ಅಂದರೆ ಫ್ರಾನ್ಸ್. ಆದ್ದರಿಂದ ಊರು, ರಾತ್ರಿ ಎಲ್ಲ ಪಕ್ಕಾ ಆದ ಮೇಲೆಯೇ ಅರ್ಜಿ ಹಾಕಿ. 6 ತಿಂಗಳ ಮೊದಲೇ ಹಾಕಬಹುದು, ಬೇಸಿಗೆಗೆ ಸ್ಲಾಟ್ ಸಿಗುವುದು ಕಷ್ಟ, ಬೇಗ ನೋಡಿ. ಫೀಸು ದೊಡ್ಡವರಿಗೆ 90 ಯೂರೋ, ನಿಮ್ಮ ಮಗನಿಗೆ 45. ಮಗಳಿಗೆ 13 ಆಗಿರುವುದರಿಂದ ಪೂರ್ತಿ ಫೀಸು, ಬೆರಳಚ್ಚೂ ಕೊಡಬೇಕು. ವೀಸಾ ಕೇಂದ್ರದ ಚಾರ್ಜ್ ಬೇರೆ. ಪಾಸ್‌ಪೋರ್ಟ್ ವಾಪಸ್ ಹೊರಡುವ ದಿನದಿಂದ ಇನ್ನೂ 3 ತಿಂಗಳಾದರೂ ಚಾಲ್ತಿಯಲ್ಲಿರಬೇಕು.

ಇನ್ಶೂರೆನ್ಸ್ ಕನಿಷ್ಠ 30,000 ಯೂರೋಗೆ ಕಡ್ಡಾಯ. ಟ್ರಾವೆಲ್ಸ್‌ನವರು ಕೊಡುವ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ರಕ್ಷಣೆ ಇದೆಯಾ ಅಂತ ಓದಿ. ನಿಮ್ಮ ತಂದೆಯ ಸ್ಟೆಂಟ್ ವಿಷಯ ಮುಚ್ಚಿಡದೆ ಬರೆಸಿ, ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ. ಮತ್ತೆ, ಬಿಲ್ಲಿನಲ್ಲಿ ಟಿಸಿಎಸ್ ಅಂತ ಮುಂಗಡವಾಗಿ ತೆರಿಗೆ ಹಿಡಿಯುತ್ತಾರೆ. ಅದು ಕಟ್ಟಿದವರ ಪ್ಯಾನ್‌ಗೆ ಜಮೆಯಾಗಿ ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಸಿಗುತ್ತೆ. ಹಾಗಾಗಿ ಯಾರು ರಿಟರ್ನ್ಸ್ ಹಾಕುತ್ತಾರೋ ಅವರ ಪ್ಯಾನ್ ಕೊಡಿ.

ವಿಜಯನಗರ_ಮನೆಮಂದಿ

ಎಲ್ಲರಿಗೂ ಎಷ್ಟು ಹೇಳಿದರೂ ಸಾಲದು. ಟ್ರಾವೆಲ್ಸ್‌ನವರ ಹತ್ರ ಮಾತಾಡಿದೆ. ಗ್ರೂಪ್ ಟೂರ್ ಆದ್ದರಿಂದ ಅದೇ ಪ್ಯಾಕೇಜ್ ಬದಲಿಸಲು ಆಗಲ್ಲವಂತೆ, ಆದರೆ ನಾಲ್ಕು ದೇಶದ್ದು ಇನ್ನೊಂದು ಇದೆ ಅಂದರು. ಅದರಲ್ಲಿ 10 ರಾತ್ರಿಗೆ 5 ಹೋಟೆಲ್, ಸ್ವಿಟ್ಜರ್ಲೆಂಡ್ ನಾಲ್ಕು ರಾತ್ರಿ. ಬೆಲೆ ಸ್ವಲ್ಪ ಜಾಸ್ತಿ, ಆದರೂ ಅದನ್ನೇ ಮಾಡುತ್ತೇವೆ. ಶನಿವಾರ ಅಪ್ಪನನ್ನು ಡಾಕ್ಟರ್ ಹತ್ರ ಕರೆದುಕೊಂಡು ಹೋಗುತ್ತಿದ್ದೇನೆ.

ಡ್ರೈವರ್ ವಿಷಯ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು, ಆ 45 ನಿಮಿಷದ ಸಾಲನ್ನು ಇನ್ನೊಂದು ಸಲ ಓದು ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ಮುಂದಿನ ಸೀಟಿನಲ್ಲಿ ಕೂರಲು ಬಿಡುತ್ತಾರಾ?

ಹಳೇ_ಟೂರ್_ಮ್ಯಾನೇಜರ್

ದಿನಾ ಸೀಟ್ ಬದಲಿಸುವ ಪದ್ಧತಿ ಇರುತ್ತೆ ಅಕ್ಕಾ, ಒಂದೆರಡು ದಿನ ಮುಂದಿನ ಸಾಲು ಬಂದೇ ಬರುತ್ತೆ. ಆದರೆ ಮೊದಲ ದಿನವೇ ಟೂರ್ ಮ್ಯಾನೇಜರ್‌ಗೆ ಹೇಳಿ, ಇವರು ಶಿರಾಡಿ ಘಾಟಿಯಲ್ಲಿ ಬಸ್ ಓಡಿಸಿದವರು ಅಂತ. ಸ್ವಿಟ್ಜರ್ಲೆಂಡಿನಿಂದ ಇಟಲಿಗೆ ಗಾಟ್‌ಹಾರ್ಡ್ ದಾರಿಯಲ್ಲಿ ಹೋದರೆ ಸುಮಾರು 17 ಕಿ.ಮೀ. ಉದ್ದದ ಸುರಂಗ ಸಿಗುತ್ತೆ. ಆ ದಿನ ಬಲಗಡೆ ಮೊದಲ ಸೀಟು ಕೇಳಿ. ಅಲ್ಲಿ ಸ್ಟಿಯರಿಂಗ್ ಎಡಗಡೆ ಇರುತ್ತೆ, ಬಲಗಡೆ ಕೂತರೆ ರಸ್ತೆಯೂ ಕಾಣುತ್ತೆ, ಡ್ರೈವರ್ ಕೈಯೂ ಕಾಣುತ್ತೆ.